ಬೇಡರ ಬೇಟೆನಾಯಿ ಅರಮನೆ ಸೇರಿದ ಕಥೆ: ಮುಧೋಳದ ಮಾಲೋಜಿರಾವ್ ಘೋರ್ಪಡೆ

ಉಡದ ಹೆಸರನ್ನು ಹೊತ್ತ ರಾಜಮನೆತನವೊಂದು ಇಂದು ನಾಡಿಗೆ ನೆನಪಾಗುವುದು ನಾಯಿಯ ಕಾರಣದಿಂದ. ಮುಧೋಳವನ್ನು ಆಳಿದ ಘೋರ್ಪಡೆ ಅರಸರ ಪೂರ್ವಜರು ಬಹಮನಿ ಸುಲ್ತಾನರ ಸೇವೆಯಲ್ಲಿದ್ದಾಗ ಉಡದ ಸೊಂಟಕ್ಕೆ ಹಗ್ಗ ಬಿಗಿದು, ಅದರ ಹಿಡಿತವನ್ನೇ ಆಧಾರ ಮಾಡಿಕೊಂಡು ಕಡಿದಾದ ಕೋಟೆಯೊಂದನ್ನು ಏರಿದರೆಂಬುದು ಐತಿಹ್ಯ. ಉಡಕ್ಕೆ ಮರಾಠಿಯಲ್ಲಿ ಘೋರ್ಪಡ್ ಎನ್ನುತ್ತಾರೆ. ಅದೇ ಬಿರುದಾಗಿ, ಮುಂದೆ ಮನೆತನದ ಹೆಸರಾಯಿತು. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಬಿಜಾಪುರದ ಆದಿಲಶಾಹಿಯ ಪರವಾಗಿ ಸೆರೆಹಿಡಿದ ಬಾಜಿ ಘೋರ್ಪಡೆ ಈ ವಂಶದವನೇ. ಇಷ್ಟೆಲ್ಲ ಚರಿತ್ರೆ ಇದ್ದರೂ ಮುಧೋಳ ಎಂದೊಡನೆ ಕಣ್ಣಿಗೆ ಬರುವುದು ಕೋಟೆಯೂ ಅಲ್ಲ, ಕತ್ತಿಯೂ ಅಲ್ಲ. ಎದೆ ಆಳವಾದ, ಹೊಟ್ಟೆ ಬೆನ್ನಿಗಂಟಿದ, ನೀಳ ಮೂತಿಯ ಒಂದು ನಾಯಿ. ಆ ನಾಯಿಗೆ ಊರಿನ ಹೆಸರು ದಕ್ಕುವಂತೆ ಮಾಡಿದವರು ರಾಜಾ ಸರ್ ಮಾಲೋಜಿರಾವ್ ವೆಂಕಟರಾವ್ ಘೋರ್ಪಡೆ.

ಅವರು ಜನಿಸಿದ್ದು 1884ರಲ್ಲಿ. ತಂದೆ ವೆಂಕಟರಾವ್ 1900ರಲ್ಲಿ ತೀರಿಕೊಂಡಾಗ ಮಗನಿಗಿನ್ನೂ ಹದಿಹರೆಯ. ಆ ವಯಸ್ಸಿಗೇ ಅವರು ಗಾದಿಗೆ ಬಂದರು. ಸಂಸ್ಥಾನ ಚಿಕ್ಕದು. ಘಟಪ್ರಭೆಯ ದಂಡೆಯ ಕರಿಮಣ್ಣಿನ ಸೀಮೆ, 368 ಚದರ ಮೈಲಿ ವಿಸ್ತೀರ್ಣ, 1901ರ ಜನಗಣತಿಯಂತೆ 63 ಸಾವಿರ ಜನಸಂಖ್ಯೆ. ಮಹಾಕವಿ ರನ್ನನ ಊರೆಂಬ ಹಿರಿಮೆ ಮೊದಲಿನಿಂದಲೂ ಇತ್ತು. ಮೈಸೂರು, ಹೈದರಾಬಾದುಗಳ ಮುಂದೆ ಮುಧೋಳ ಅಂಗೈಯಗಲದ ಜಾಗ. ಒಂಬತ್ತು ತೋಪಿನ ಸಲಾಮಿಗೆ ಅರ್ಹವಾದ ಸಂಸ್ಥಾನವೆಂಬ ಮಾನವಷ್ಟೇ ಅದಕ್ಕಿದ್ದ ಆಡಂಬರ. ಇಂಥ ಪುಟ್ಟ ರಾಜ್ಯದ ಒಡೆಯನೊಬ್ಬ ಲಂಡನ್ನಿನವರೆಗೂ ಹೆಸರಾಗಲು ಆನೆ, ವಜ್ರಗಳನ್ನು ನೆಚ್ಚುವಂತಿರಲಿಲ್ಲ. ಮಾಲೋಜಿರಾವ್ ತಮ್ಮ ಸೀಮೆಯಲ್ಲೇ ಇದ್ದ ಒಂದನ್ನು ಕಂಡುಕೊಂಡರು.

ಕಂಡುಕೊಂಡದ್ದು ಎಲ್ಲಿ? ಅರಮನೆಯ ನಾಯಿಮನೆಯಲ್ಲಂತೂ ಅಲ್ಲ. ಸಂಸ್ಥಾನದ ಹಳ್ಳಿಗಳ ಬೇಡರು ಬೇಟೆಗೆ ಹೊರಟಾಗ ಜೊತೆಗೆ ಒಯ್ಯುತ್ತಿದ್ದ ತೆಳ್ಳನೆಯ, ಉದ್ದ ಕಾಲಿನ ನಾಯಿಗಳ ಮೇಲೆ ರಾಜರ ಕಣ್ಣು ಬಿತ್ತು. ಮಧ್ಯ ಏಷ್ಯಾ, ಪರ್ಷಿಯಾ ಮತ್ತು ಅರಬ್ ನಾಡುಗಳಿಂದ ಸೈನಿಕರು, ವ್ಯಾಪಾರಿಗಳು ಶತಮಾನಗಳ ಹಿಂದೆ ದಖ್ಖನಿಗೆ ತಂದ ಸಲೂಕಿ ಮೊದಲಾದ ಓಟದ ನಾಯಿಗಳ ರಕ್ತ ಇವುಗಳಲ್ಲಿ ಹರಿದಿದೆ ಎಂಬುದು ಬಲ್ಲವರ ಅಭಿಪ್ರಾಯ. ವ್ಯಾಪಾರಿ ತಂಡಗಳ ಜೊತೆ ಬಂದದ್ದಕ್ಕೇ ಕಾರವಾನ್ ನಾಯಿ ಎಂಬ ಇನ್ನೊಂದು ಹೆಸರು. ಕಿವಿ, ಬಾಲಗಳಲ್ಲಿ ರೇಷ್ಮೆಯಂಥ ಕೂದಲಿರುವುದಕ್ಕೆ ಪಶ್ಮಿ ಎನ್ನುವುದೂ ಉಂಟು. ಹೊರಗಿನಿಂದ ಬಂದ ನಾಯಿ ಇಲ್ಲಿನ ಬಿಸಿಲಿಗೆ, ಜೋಳದ ನುಚ್ಚಿಗೆ, ಎರೆಹೊಲದ ಬಿರುಕಿಗೆ ಒಗ್ಗಿ ಇಲ್ಲಿಯದೇ ಆಗಿತ್ತು. ಆದರೆ ಬೀದಿನಾಯಿಗಳೊಡನೆ ಬೆರೆತು, ತಳಿಯ ಚಹರೆ ಊರಿಂದೂರಿಗೆ ಮಾಸುತ್ತಿತ್ತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರ ಅರಮನೆಗೆ ಹೋಗುತ್ತಾರೆ. ಹಾಗೆ ಹೋಗುವ ಮುನ್ನ ಹಲಗಲಿಯಲ್ಲಿ ಸ್ವಲ್ಪ ನಿಲ್ಲಬೇಕು. ಮಾಲೋಜಿರಾವ್ ಹುಟ್ಟುವುದಕ್ಕೆ 27 ವರ್ಷ ಮೊದಲು, 1857ರ ನವೆಂಬರಿನಲ್ಲಿ, ಇದೇ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಎದ್ದು ನಿಂತರು. ಬೇಟೆಯನ್ನೇ ಬದುಕಾಗಿಸಿಕೊಂಡವರ ಕೈಯಿಂದ ಆಯುಧ ಕಿತ್ತುಕೊಂಡರೆ ಉಳಿಯುವುದೇನು? ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕವರನ್ನು ಗಲ್ಲಿಗೇರಿಸಲಾಯಿತು. ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಆ ದುರಂತದ ಹಾಡೂ ಸೇರಿದೆ. ಬಂದೂಕು, ಬರ್ಚಿಗಳಿಗೆ ಪರವಾನಗಿ ಬೇಕೆಂದ ಕಾಯ್ದೆ ನಾಯಿಯನ್ನು ಆಯುಧವೆಂದು ಎಣಿಸಲಿಲ್ಲ. ಹೀಗಾಗಿ ಯಾವ ಕಾಗದಪತ್ರವೂ ಇಲ್ಲದೆ, ವಂಶಾವಳಿಯ ಪುಸ್ತಕವೂ ಇಲ್ಲದೆ, ಈ ನಾಯಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಬೇಡರು ಎಂಬುದನ್ನು ಮರೆಯುವಂತಿಲ್ಲ. ಮಾಲೋಜಿರಾವ್ ಅವರ ಹಿರಿಮೆ ಇರುವುದು ಹೊಸ ನಾಯಿಯನ್ನು ಸೃಷ್ಟಿಸಿದ್ದರಲ್ಲಿ ಅಲ್ಲ; ತಮ್ಮ ಪ್ರಜೆಗಳ ಅಂಗಳದಲ್ಲಿ ಮಲಗಿದ್ದ ನಾಯಿಯ ಬೆಲೆ ತಿಳಿದದ್ದರಲ್ಲಿ.

ಆ ಕಾಲದ ದೇಶೀ ರಾಜರ ನಾಯಿಮನೆಗಳಲ್ಲಿ ವಿಲಾಯತಿ ತಳಿಗಳದ್ದೇ ದರ್ಬಾರು. ಪಾಯಿಂಟರ್, ರಿಟ್ರೀವರ್, ಸ್ಪ್ಯಾನಿಯಲ್ ಸಾಕುವುದು ಪ್ರತಿಷ್ಠೆಯ ಗುರುತು. ಇವು ಬಂದೂಕಿನ ಬೇಟೆಗೆ ಸಲ್ಲುವ ನಾಯಿಗಳು. ಹಕ್ಕಿ ಎಲ್ಲಿದೆ ಎಂದು ಮೂಸಿ ತೋರಿಸುವುದು, ಗುಂಡು ತಗುಲಿ ಬಿದ್ದದ್ದನ್ನು ಹಲ್ಲು ನಾಟದಂತೆ ಕಚ್ಚಿ ತಂದು ಯಜಮಾನನ ಕೈಗಿಡುವುದು ಅವುಗಳ ಕೆಲಸ. ಇದಕ್ಕೆ ಪಶ್ಚಿಮ ದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ವಿಶೇಷವಾದೊಂದು ಪಾಠಕ್ರಮ ಬೆಳೆದಿದೆ. ಸೊಂಟದೆತ್ತರದ ಉದ್ದನೆಯ ಮೇಜಿನ ಮೇಲೆ ನಾಯಿಯನ್ನು ನಿಲ್ಲಿಸುತ್ತಾರೆ. ಮೇಲೆ ಒಂದು ತಂತಿ, ತಂತಿಗೆ ಜಾರುವ ಸರಪಳಿ. ನೆಲ ಬಿಟ್ಟು ಮೇಲೇರಿದ ನಾಯಿ ತುಸು ಅಳುಕುತ್ತದೆ. ಓಡಾಟ ಬಿಟ್ಟು ಕಲಿಸುವವನತ್ತ ಗಮನ ಕೊಡುತ್ತದೆ. ಅವನಿಗೂ ಬೆನ್ನು ಬಗ್ಗಿಸುವ ಕಷ್ಟವಿಲ್ಲ. ಮೊದಲು ಮರದ ತುಂಡನ್ನು ಬಾಯಲ್ಲಿ ಹಿಡಿದು ನಿಲ್ಲುವುದು, ಆಮೇಲೆ ಹಿಡಿದುಕೊಂಡೇ ಮೇಜಿನ ಉದ್ದಕ್ಕೂ ನಡೆಯುವುದು, ಹೇಳಿದಾಗ ಬಿಡುವುದು, ಕೊನೆಗೆ ಅದೇ ಪಾಠವನ್ನು ನೆಲದ ಮೇಲೆ ಒಪ್ಪಿಸುವುದು. ತಿಂಗಳುಗಟ್ಟಲೆ ತಾಳ್ಮೆ ಬೇಡುವ ಕೆಲಸ ಇದು. ಕಲಿಸುವವನು ಒರಟನಾದರೆ ನಾಯಿ ಕೆಡುತ್ತದೆ.

ಮುಧೋಳದ ನಾಯಿಗೆ ಈ ಮೇಜಿನ ಪಾಠ ಹೊಂದುವುದಿಲ್ಲ. ಕಾರಣ ಅದರ ಮೈಕಟ್ಟಿನಲ್ಲೇ ಇದೆ. ಇದು ಮೂಗಿನ ಬೇಟೆಗಾರನಲ್ಲ, ಕಣ್ಣಿನ ಬೇಟೆಗಾರ. ಕಿರಿದಾದ ತಲೆಯ ಎರಡು ಪಕ್ಕಕ್ಕೆ ಕೂತ ಕಣ್ಣುಗಳಿಗೆ ಸುಮಾರು 270 ಡಿಗ್ರಿಯಷ್ಟು ಸುತ್ತಳತೆ ಕಾಣುತ್ತದೆ. ದೂರದ ಹೊಲದಲ್ಲಿ ಮೊಲವೊಂದು ಮಿಸುಕಿದರೆ ಸಾಕು, ಕಣ್ಣು ನೆಟ್ಟಿತೆಂದೇ ಲೆಕ್ಕ. ಆಮೇಲೆ ಓಟ. ಆಳವಾದ ಎದೆಗೂಡಿನಲ್ಲಿ ದೊಡ್ಡ ಹೃದಯ, ಅಗಲ ಶ್ವಾಸಕೋಶ. ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುವ ಬೆನ್ನು. ಯಜಮಾನ ಬಂದೂಕು ಎತ್ತುವ ಪ್ರಮೇಯವೇ ಇಲ್ಲ, ನಾಯಿಯೇ ಬೇಟೆಯನ್ನು ಕೆಡವುತ್ತದೆ. ಇಂಥದ್ದಕ್ಕೆ ಪಾಠಶಾಲೆ ಎಂದರೆ ಬಯಲು, ಗುರು ಎಂದರೆ ನುರಿತ ಇನ್ನೊಂದು ನಾಯಿ. ಮರಿ ತಾಯಿಯ ಹಿಂದೆ ಹೊಲಕ್ಕೆ ಹೋಗಿ ನೋಡಿ ಕಲಿಯಬೇಕು. ವರ್ಷ ತುಂಬಿ ಎಲುಬು ಗಟ್ಟಿಯಾಗುವ ಮೊದಲು ಜೋರಾಗಿ ಓಡಿಸಿದರೆ ಕಾಲು ಹೋಗುತ್ತದೆ. ಬಲಿತ ಮೇಲೆ ಜೋಡಿಯಾಗಿ ಬಿಡುವುದು ವಾಡಿಕೆ: ಒಂದು ನಾಯಿ ಮೊಲವನ್ನು ಬೆನ್ನಟ್ಟಿ ತಿರುಗಿಸುತ್ತದೆ, ಇನ್ನೊಂದು ತಿರುವಿನಲ್ಲಿ ಅಡ್ಡಗಟ್ಟಿ ಹಿಡಿಯುತ್ತದೆ. ಮನುಷ್ಯ ಕಲಿಸಬೇಕಾದದ್ದು ಮುಖ್ಯವಾಗಿ ಎರಡೇ. ಬಿಡುವ ತನಕ ಹಗ್ಗದಲ್ಲಿ ಸುಮ್ಮನಿರುವುದು, ಕರೆದಾಗ ಮರಳಿ ಬರುವುದು. ಎರಡನೆಯದು ಸುಲಭವಲ್ಲ ಎಂಬುದು ಈ ನಾಯಿ ಸಾಕಿದವರೆಲ್ಲರ ಅನುಭವ.

ಕನ್ನಡ ನಾಡಿಗೆ ಬೇಟೆನಾಯಿಯ ಗೌರವ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೇ ಶತಮಾನದ ವೀರಗಲ್ಲು ಕಾಳಿ ಎಂಬ ನಾಯಿಯ ಸ್ಮಾರಕ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರ, ರಾಷ್ಟ್ರಕೂಟ ಮೂರನೇ ಕೃಷ್ಣನಿಂದ ಬಹುಮಾನವಾಗಿ ಬೇಡಿ ಪಡೆದ ನಾಯಿ ಅದು. ಹಂದಿಯೊಂದರ ಜೊತೆ ಕಾದಾಡಿ ಎರಡೂ ಸತ್ತವು. ಆ ನಾಯಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಕ ಅರಸರು ಆಳಿದ ಕನಕಗಿರಿ, ಗಂಗಾವತಿ, ಕುಷ್ಟಗಿ ಭಾಗದ ಕುರುಚಲು ಬೆಟ್ಟಗಳೂ ಬೇಟೆಯ ಸೀಮೆಯೇ. ಮೊಲ, ಚಿಗರೆ, ತೋಳಗಳು ಅಡ್ಡಾಡುವ ಈ ಬಯಲು ಮುಧೋಳದ ಬಯಲಿಗಿಂತ ಬೇರೆಯದಲ್ಲ. ಕುರಿಹಟ್ಟಿಗೆ ನಾಯಿಯ ಕಾವಲಿಲ್ಲದೆ ಇಲ್ಲಿ ರಾತ್ರಿ ಕಳೆಯುವಂತಿರಲಿಲ್ಲ.

ಮಾಲೋಜಿರಾವ್ ಕೈಗೊಂಡದ್ದು ಆಯ್ದ ತಳಿ ಸಂವರ್ಧನೆ. ಹೇಳಲು ಸುಲಭ, ಮಾಡಲು ವರ್ಷಗಳೇ ಬೇಕು. ಹೆಣ್ಣುನಾಯಿ ವರ್ಷಕ್ಕೆ ಹೆಚ್ಚೆಂದರೆ ಎರಡು ಬಾರಿ ಬೆದೆಗೆ ಬರುತ್ತದೆ, ಗರ್ಭದ ಅವಧಿ ಸುಮಾರು 63 ದಿನ. ಹುಟ್ಟಿದ ಮರಿ ಓಟದಲ್ಲಿ ಎಂಥದ್ದೆಂದು ತಿಳಿಯಲು ಮತ್ತೆ ವರ್ಷ, ಒಂದೂವರೆ ವರ್ಷ ಕಾಯಬೇಕು. ಮೈಕಟ್ಟು, ವೇಗ, ದಮ್ಮು ಮೂರೂ ಕೂಡಿದ ಗಂಡು ಹೆಣ್ಣುಗಳನ್ನೇ ಆರಿಸಿ ಕೂಡಿಸಿ, ಕುಂದು ಕಂಡ ಸಾಲನ್ನು ಕೈಬಿಡುತ್ತ ಹೋದರೆ ಐದಾರು ತಲೆಮಾರಿಗೆ ತಳಿಯ ಲಕ್ಷಣ ಸ್ಥಿರವಾಗುತ್ತದೆ. ಅರಸರಿಗೆ ಹಣವೂ ಇತ್ತು, ಹಟವೂ ಇತ್ತು. ಹಾಗೆ ಮಾಸಿಹೋಗುತ್ತಿದ್ದ ನಾಯಿಗೆ ಮತ್ತೆ ಚಹರೆ ಮೂಡಿತು.

ಮುಂದಿನದು ಎಲ್ಲರೂ ಬಲ್ಲ ಪ್ರಸಂಗ. ಇಂಗ್ಲೆಂಡಿಗೆ ಹೋದ ಮಾಲೋಜಿರಾವ್ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರು. ಮುಧೋಳ ಹೌಂಡ್ ಎಂಬ ಹೆಸರು ನಿಂತದ್ದು ಅಂದಿನಿಂದ ಎಂಬುದು ಪ್ರಸಿದ್ಧಿ. ಇಲ್ಲಿ ಒಂದು ತಪ್ಪು ಬರಹದಿಂದ ಬರಹಕ್ಕೆ ದಾಟುತ್ತ ಬಂದಿದೆ. ಈ ಕಾಣಿಕೆ ಸಂದದ್ದು 1937ರಲ್ಲಿ ಎಂದು ಅನೇಕ ಕಡೆ ಬರೆಯಲಾಗಿದೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1910ರ ಮೇ ತಿಂಗಳಲ್ಲಿ, ತೀರಿಕೊಂಡದ್ದು 1936ರ ಜನವರಿ 20ರಂದು. ಸತ್ತ ದೊರೆಗೆ ನಾಯಿ ಕೊಡುವುದು ಹೇಗೆ? 1937 ಎಂಬುದು ಕಾಣಿಕೆಯ ವರ್ಷವಲ್ಲ, ಕಾಣಿಕೆ ಕೊಟ್ಟವರು ತೀರಿಕೊಂಡ ವರ್ಷ. ಎರಡೂ ಎಲ್ಲೋ ಕಲಸಿಹೋಗಿರಬೇಕು.

1937ರಲ್ಲಿ ಮಾಲೋಜಿರಾವ್ ನಿಧನರಾದಾಗ ಅವರ ವಯಸ್ಸು 53ರ ಆಸುಪಾಸು. ಗಾದಿಗೆ ಬಂದ ಭೈರವಸಿಂಹರಾವ್ ಇನ್ನೂ ಬಾಲಕ. ಹತ್ತೇ ವರ್ಷಗಳಲ್ಲಿ ದೇಶ ಸ್ವತಂತ್ರವಾಯಿತು. 1948ರ ಮಾರ್ಚ್ 8ರಂದು ದಖ್ಖನಿನ ಇತರ ಸಂಸ್ಥಾನಗಳೊಡನೆ ಮುಧೋಳವೂ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸದಾಗಿ ರಚನೆಯಾದ ಬಾಗಲಕೋಟೆ ಜಿಲ್ಲೆಗೆ ಸೇರಿತು. ಅರಮನೆಯ ಆಸರೆ ಹೋಯಿತು. ನಾಯಿ ಎಲ್ಲಿಂದ ಬಂದಿತ್ತೋ ಅಲ್ಲಿಗೇ, ಹಳ್ಳಿಗರ ಅಂಗಳಕ್ಕೇ ಮರಳಿತು.

ಅರಸೊತ್ತಿಗೆ ಹೋದದ್ದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1972ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆಯಿತು. ಚಿಗರೆ, ತೋಳಗಳು ಉಳಿಯಬೇಕಾದರೆ ಆ ಕಾಯ್ದೆ ಅನಿವಾರ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ವನ್ಯಜೀವಿಧಾಮವಿದೆ. ಆದರೆ ಓಡಿ ಹಿಡಿಯುವುದಕ್ಕೆಂದೇ ಶತಮಾನಗಳ ಕಾಲ ರೂಪುಗೊಂಡ ನಾಯಿಗೆ ಒಂದೇ ಏಟಿಗೆ ಕೆಲಸವಿಲ್ಲದಂತಾಯಿತು. ಕೆಲಸವಿಲ್ಲದ ತಳಿಯನ್ನು ಯಾರು ಸಾಕುತ್ತಾರೆ? ಹೊಲ, ತೋಟ, ಕುರಿಹಿಂಡಿನ ಕಾವಲಿಗೆ ಕೆಲವರು ಇಟ್ಟುಕೊಂಡರು. ಮರಿ ಮಾರಿ ನಾಲ್ಕು ಕಾಸು ಕಾಣುವ ಕುಟುಂಬಗಳು ಮುಧೋಳ ತಾಲ್ಲೂಕಿನಲ್ಲಿ ಉಳಿದುಕೊಂಡವು. ಮಾಲೋಜಿರಾವ್ ಕಾಲದಲ್ಲಿ ಬೆರಕೆ ತಡೆದದ್ದು ಅರಮನೆ. ಈಗ ಆ ಕಾವಲೂ ಇಲ್ಲದೆ, ಮುಧೋಳ ಎಂದು ಮಾರಾಟವಾಗುವ ಮರಿಗಳೆಲ್ಲ ಶುದ್ಧ ತಳಿಯವೇ ಎಂಬ ಪ್ರಶ್ನೆ ಎದ್ದಿತು.

ಸರ್ಕಾರದ ಕಣ್ಣು ತೆರೆದದ್ದು ತಡವಾಗಿ. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂ ತಳಿಗಳ ಜೊತೆಗೆ ಮುಧೋಳದ ನಾಯಿಗೂ ಅಂಚೆಚೀಟಿಯ ಗೌರವ ಕೊಟ್ಟಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ತೆರೆದು ಶುದ್ಧ ತಳಿಯ ಸಂವರ್ಧನೆಗೆ ಕೈಹಾಕಿತು. ಒಂದು ಅರ್ಥದಲ್ಲಿ ಮಾಲೋಜಿರಾವ್ ಬಿಟ್ಟ ಕೆಲಸವನ್ನು ಅದು ಮತ್ತೆ ಎತ್ತಿಕೊಂಡಂತಾಯಿತು. 2016ರಲ್ಲಿ ಇಲ್ಲಿನ ಮರಿಗಳು ಸೇನೆಯ ತರಬೇತಿಗಾಗಿ ಮೀರತ್ತಿನ ಕೇಂದ್ರಕ್ಕೆ ಹೋದವು. ಬಯಲಿನಲ್ಲಿ ತಾಯಿಯ ಹಿಂದೆ ಓಡಿ ಕಲಿಯುತ್ತಿದ್ದ ನಾಯಿ ಅಲ್ಲಿ ಆಜ್ಞೆಗೆ ಕೂರುವುದು, ಏಳುವುದು, ಸ್ಫೋಟಕದ ವಾಸನೆ ಹಿಡಿಯುವುದನ್ನು ಕಲಿಯಬೇಕಾಯಿತು. ಕಣ್ಣಿನ ನಾಯಿಯನ್ನು ಮೂಗಿನ ಕೆಲಸಕ್ಕೆ ಹಚ್ಚುವುದು ಸಲೀಸಲ್ಲ. ಆದರೂ ಗಡಿ ಭದ್ರತಾ ಪಡೆ ಮುಂತಾದವು ಈ ತಳಿಯನ್ನು ಸೇರಿಸಿಕೊಂಡಿವೆ. ಪ್ರಧಾನಿ ನರೇಂದ್ರ ಮೋದಿ 2020ರ ಆಗಸ್ಟಿನ ಮನದ ಮಾತು ಕಾರ್ಯಕ್ರಮದಲ್ಲಿ ಹೆಸರು ಹೇಳಿದ ಮೇಲಂತೂ ಮರಿಗಳಿಗೆ ಬೇಡಿಕೆ ಏರಿತು.

ಹೆಸರಿನ ತಕರಾರು ಮಾತ್ರ ಮುಗಿದಿಲ್ಲ. ಭಾರತೀಯ ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಇದು ಕಾರವಾನ್ ಹೌಂಡ್, ಭಾರತೀಯ ರಾಷ್ಟ್ರೀಯ ಕೆನಲ್ ಕ್ಲಬ್ಬಿಗೆ ಮುಧೋಳ ಹೌಂಡ್. ಅಂಚೆಚೀಟಿಯ ಮೇಲೆ ಅಚ್ಚಾದದ್ದು ಮಾಲೋಜಿರಾವ್ ಬಯಸಿದ ಹೆಸರೇ. ಬೇಡರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.