ಹದಿನೈದು ಇಂಚು ಹಿಮ ಮತ್ತು ಒಬ್ಬ ಮೇಯರ್

ಜಾನ್ ಲಿಂಡ್ಸೆ ನ್ಯೂಯಾರ್ಕ್ ಮೇಯರ್ ಆಗಿ ಅಧಿಕಾರ ವಹಿಸಿಕೊಂಡಿದ್ದು 1966ರ ಜನವರಿ 1ರಂದು. ಅದೇ ದಿನ ಸಬ್‌ವೇ ಮತ್ತು ಬಸ್ ನೌಕರರು ಮುಷ್ಕರ ಹೂಡಿದರು. 12 ದಿನ ಊರಿಗೆ ಊರೇ ಒದ್ದಾಡಿತು. ಆದರೆ ಅವರ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿದ್ದು ಮುಷ್ಕರ ಅಲ್ಲ, ಹಿಮ.

1921ರಲ್ಲಿ ನ್ಯೂಯಾರ್ಕ್‌ನಲ್ಲೇ ಹುಟ್ಟಿದ ಲಿಂಡ್ಸೆ ಯೇಲ್‌ನಲ್ಲಿ ಕಾನೂನು ಓದಿದವರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದರು. ಮ್ಯಾನ್‌ಹಟನ್‌ನ ಶ್ರೀಮಂತ ಕ್ಷೇತ್ರದಿಂದ ಸಂಸತ್ತಿಗೆ ಹೋದರು. ರಿಪಬ್ಲಿಕನ್ ಆಗಿದ್ದರೂ ಕಪ್ಪುಜನರ ನಾಗರಿಕ ಹಕ್ಕುಗಳ ಪರ ನಿಂತರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ರಾತ್ರಿ ಹಾರ್ಲೆಮ್‌ನ ಬೀದಿಗಿಳಿದು, ಸಿಟ್ಟು, ದುಃಖದಲ್ಲಿದ್ದ ಜನರ ನಡುವೆ ನಡೆದರು. ಇಂಥ ಧೈರ್ಯ ಆಗಿನ ಎಷ್ಟು ರಾಜಕಾರಣಿಗಳಿಗಿತ್ತು ಹೇಳಿ?

1969ರ ಫೆಬ್ರವರಿ 9, ಭಾನುವಾರ. ಸ್ವಲ್ಪ ಹಿಮ ಬಿದ್ದು ಆಮೇಲೆ ಮಳೆಯಾಗುತ್ತೆ ಅನ್ನೋದು ಹವಾಮಾನ ಇಲಾಖೆಯ ಅಂದಾಜು. ಬಿದ್ದಿದ್ದು ಸುಮಾರು 15 ಇಂಚು ಹಿಮ. ರಜೆಯ ದಿನ, ಪಾಲಿಕೆ ಸಿಬ್ಬಂದಿಯನ್ನು ಕರೆಸೋದೇ ತಡವಾಯ್ತು. ಹಿಮ ತೆಗೆಯುವ ಯಂತ್ರಗಳಲ್ಲಿ ಹತ್ತಿರ ಹತ್ತಿರ ಶೇ. 40ರಷ್ಟು ಕೆಟ್ಟು ನಿಂತಿದ್ದವು.

ಅಂದಾಜು ತಪ್ಪೋದು ಸಹಜ ಬಿಡಿ. ತಪ್ಪಿದಾಗ ಏನು ಮಾಡಬೇಕು ಅನ್ನೋ ತಯಾರಿ ಇರಲಿಲ್ಲ, ಸಮಸ್ಯೆ ಅಲ್ಲಿತ್ತು. ಮ್ಯಾನ್‌ಹಟನ್‌ನ ರಸ್ತೆಗಳು ಬೇಗ ತೆರವಾದವು. ಮಧ್ಯಮ ವರ್ಗದ ಮನೆಗಳೇ ತುಂಬಿದ್ದ ಕ್ವೀನ್ಸ್‌ನ ಒಳಬೀದಿಗಳು ದಿನಗಟ್ಟಲೆ ಹಿಮದಡಿ ಹೂತೇ ಇದ್ದವು. ಊರಲ್ಲಿ ಸತ್ತವರು 42 ಮಂದಿ. ಅವರಲ್ಲಿ ಅರ್ಧದಷ್ಟು ಜನ ಕ್ವೀನ್ಸ್‌ನವರು.

ವಿಶ್ವಸಂಸ್ಥೆಯ ಅಧಿಕಾರಿ, ನೊಬೆಲ್ ಶಾಂತಿ ಪುರಸ್ಕೃತ ರಾಲ್ಫ್ ಬಂಚ್ ಕೂಡ ಕ್ವೀನ್ಸ್ ನಿವಾಸಿ. ತಮ್ಮ ಬೀದಿಗೆ ಒಂದೂ ಯಂತ್ರ ಬಂದಿಲ್ಲ ಅಂತ ಮೇಯರ್‌ಗೆ ಟೆಲಿಗ್ರಾಂ ಕಳಿಸಿದರು. ಅಂಥವರ ಬೀದಿಯ ಪಾಡೇ ಹೀಗಿದ್ದರೆ ಉಳಿದವರ ಗತಿ?

ಕೊನೆಗೆ ಲಿಂಡ್ಸೆಯೇ ಕ್ವೀನ್ಸ್‌ಗೆ ಹೊರಟರು. ರೆಗೊ ಪಾರ್ಕ್‌ನಲ್ಲಿ ಅವರ ಲಿಮೊಸಿನ್ ಹಿಮದಲ್ಲಿ ಸಿಕ್ಕಿಬಿತ್ತು. ಟ್ರಕ್ ಹತ್ತಿ ಮುಂದೆ ಹೋದರು, ಅದಕ್ಕೂ ದಾರಿ ಕಷ್ಟವಾಯ್ತು. ಹೋದಲ್ಲೆಲ್ಲ ಜನ ಕೂಗಾಡಿ, ಬೈದು ಕಳಿಸಿದರು. ಹಾರ್ಲೆಮ್‌ನಲ್ಲಿ ಜನ ಅವರ ಮಾತು ಕೇಳಿದ್ದರು. ಇಲ್ಲಿ ಜನರಿಗೆ ಬೇಕಿದ್ದದ್ದು ಮಾತಲ್ಲ, ಹಿಮ ತೆಗೆಯುವ ಯಂತ್ರ.

ಜೂನ್‌ನಲ್ಲಿ ಅವರ ಪಕ್ಷದ ಮತದಾರರೇ ಅವರನ್ನು ಕೈಬಿಟ್ಟು ಜಾನ್ ಮಾರ್ಕಿಯನ್ನು ಅಭ್ಯರ್ಥಿಯಾಗಿ ಆರಿಸಿದರು. ಡೆಮಾಕ್ರಟಿಕ್ ಅಭ್ಯರ್ಥಿ ಮಾರಿಯೋ ಪ್ರೊಕಚ್ಚಿನೊ, ಲಿಂಡ್ಸೆಯಂಥವರಿಗೆ ಲಿಮೊಸಿನ್ ಲಿಬರಲ್ ಅಂತ ಹೆಸರಿಟ್ಟರು. ಅಮೆರಿಕದ ರಾಜಕೀಯದಲ್ಲಿ ಆ ಬೈಗುಳ ಇಂದಿಗೂ ಚಾಲ್ತಿಯಲ್ಲಿದೆ. ಲಿಂಡ್ಸೆ ಲಿಬರಲ್ ಪಾರ್ಟಿಯಿಂದ ನಿಂತರು. ಟಿವಿ ಜಾಹೀರಾತಿನಲ್ಲಿ, ಹಿಮದ ವಿಷಯದಲ್ಲಿ ತಮ್ಮ ಲೆಕ್ಕ ತಪ್ಪಿತು ಅಂತ ನೇರವಾಗಿ ಒಪ್ಪಿಕೊಂಡರು. ಅಕ್ಟೋಬರ್‌ನಲ್ಲಿ ಕ್ವೀನ್ಸ್‌ನ ಬೇಸ್‌ಬಾಲ್ ತಂಡ ಮೆಟ್ಸ್ ವರ್ಲ್ಡ್ ಸೀರೀಸ್ ಗೆದ್ದಾಗ ಆಟಗಾರರ ಜೊತೆ ಸೇರಿ ಸಂಭ್ರಮಿಸಿದರು. ನವೆಂಬರ್‌ನಲ್ಲಿ ಮತಗಳು ಮೂವರಲ್ಲಿ ಹಂಚಿಹೋದವು, ಸುಮಾರು ಶೇ. 42ರಷ್ಟು ಪಡೆದು ಲಿಂಡ್ಸೆ ಗೆದ್ದರು.

1971ರಲ್ಲಿ ಡೆಮಾಕ್ರಟಿಕ್ ಪಕ್ಷ ಸೇರಿದರು. ಮರುವರ್ಷ ಅಧ್ಯಕ್ಷ ಹುದ್ದೆಯ ಅಭ್ಯರ್ಥಿಯಾಗಲು ಯತ್ನಿಸಿ ಸೋತರು. ಕೊನೆಗಾಲದಲ್ಲಿ ಕಾಯಿಲೆ, ಹಣದ ಅಡಚಣೆ. ಆರೋಗ್ಯ ವಿಮೆ ಸಿಗಲಿ ಅಂತ ಆಗಿನ ಮೇಯರ್ ರೂಡಿ ಜೂಲಿಯಾನಿ ಅವರಿಗೆ ಹೆಸರಿಗಷ್ಟೇ ಇದ್ದ ಹುದ್ದೆ ಕೊಟ್ಟರು. 2000ದ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಲಿಂಡ್ಸೆ ಕೆಟ್ಟ ಮನುಷ್ಯ ಅಲ್ಲ, ಸೋಮಾರಿಯೂ ಅಲ್ಲ. ಆದರೂ ಅವರ ಆಡಳಿತದಲ್ಲಿ ಯಾವ ರಸ್ತೆ ಮೊದಲು, ಯಾವುದು ಕೊನೆಗೆ ಅನ್ನೋದನ್ನು ನೋಡಿ ಕ್ವೀನ್ಸ್ ಜನ ತಮ್ಮ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದರು. ಯಂತ್ರ ಕಳಿಸೋ ಆ ಪಟ್ಟಿ ಮಾಡೋದು ಪಾಲಿಕೆಯ ಒಂದು ಕೋಣೆಯಲ್ಲಿ. ರಾಜಕೀಯ ಶುರುವಾಗೋದು ಆ ಪಟ್ಟಿಯಿಂದಲೇ.