ಮಳಖೇಡದ ಅಭಿಮಾನಮೇರು ಮಹಾಕವಿ ಪುಷ್ಪದಂತ

ಕಲಬುರಗಿಗೆ ಹೋದವರು ಶರಣಬಸವೇಶ್ವರ ದೇವಸ್ಥಾನವನ್ನೂ ಹತ್ತಿರದ ಅಪ್ಪನ ಕೆರೆಯನ್ನೂ ನೋಡದೆ ಮರಳುವುದು ಅಪರೂಪ. ಆ ಗುಡಿಯ ಹೆಸರಿನಲ್ಲಿರುವ ಬಸವ ಎಂಬ ಮಾತು ಜೈನರಿಗೂ ಹತ್ತಿರದ್ದೇ. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹ ಆಯಿತು, ಕನ್ನಡಕ್ಕೆ ಬಂದು ಬಸವ ಆಯಿತು. ಮೊದಲ ತೀರ್ಥಂಕರರಾದ ವೃಷಭನಾಥರ ಹೆಸರಿನಲ್ಲಿರುವುದೂ ಅದೇ ವೃಷಭ. ಇದೇ ಕಲಬುರಗಿಯಿಂದ ಸೇಡಂ ಕಡೆಗೆ ಸುಮಾರು 40 ಕಿ.ಮೀ. ಹೋದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ವೃಷಭನನ್ನು ವಸಹ, ರಿಸಹ ಎಂದು ಕರೆಯುವ ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣ ಬರೆದ ಪುಷ್ಪದಂತ ಬಾಳಿದ್ದು ಈ ಊರಿನಲ್ಲಿ.

ಹೆಸರಿನ ಗೊಂದಲ ಮೊದಲು ಕಳೆಯಬೇಕು. ಒಂಬತ್ತನೆಯ ತೀರ್ಥಂಕರರು ಭಗವಾನ್ ಪುಷ್ಪದಂತರು. ಭೂತಬಲಿ ಆಚಾರ್ಯರೊಡನೆ ಷಟ್ಖಂಡಾಗಮವನ್ನು ರಚಿಸಿದವರು ಪುಷ್ಪದಂತ ಆಚಾರ್ಯರು. ಇಲ್ಲಿ ಹೇಳುತ್ತಿರುವುದು ಇವರಿಬ್ಬರಿಗೂ ಬಹಳ ಈಚಿನವನಾದ, ಹತ್ತನೆಯ ಶತಮಾನದ ಗೃಹಸ್ಥ ಕವಿಯ ಕಥೆ. ಗೃಹಸ್ಥ ಎಂದರೂ ಅವನಿಗೆ ಮನೆಯಾಗಲಿ ಹೆಂಡತಿ ಮಕ್ಕಳಾಗಲಿ ಇರಲಿಲ್ಲ.

ಅವನು ಹುಟ್ಟಿದ್ದು ಕಾಶ್ಯಪ ಗೋತ್ರದ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಇಬ್ಬರೂ ಮೊದಲು ಶಿವಭಕ್ತರು. ಅನಂತರ ಜಿನಧರ್ಮ ಸ್ವೀಕರಿಸಿ, ಕೊನೆಗೆ ಸಂನ್ಯಾಸ ವಿಧಿಯಿಂದ ದೇಹ ಬಿಟ್ಟರು. ತಾನು ಕಪ್ಪು ಮೈಯವನು, ಕುರೂಪಿ, ಬಡಕಲು ಎಂದು ಪುಷ್ಪದಂತ ತನ್ನ ಕಾವ್ಯದಲ್ಲೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಹಾಗೆಂದು ಅವನ ಸ್ವಾಭಿಮಾನಕ್ಕೇನೂ ಕೊರತೆಯಿರಲಿಲ್ಲ. ಅಭಿಮಾನಮೇರು ಎಂಬುದು ಅವನ ಬಿರುದು. ಇನ್ನೊಂದು ಬಿರುದು ಇನ್ನೂ ಸೊಗಸಾಗಿದೆ: ಕವ್ವಪಿಸಲ್ಲ. ಕವ್ವ ಎಂದರೆ ಕಾವ್ಯ. ಹಳಗನ್ನಡದ ಕಬ್ಬ ಇದರ ಒಡಹುಟ್ಟು. ಪಿಸಲ್ಲ ಎಂದರೆ ಪಿಶಾಚ. ಕಾವ್ಯದ ಪಿಶಾಚಿ ಎಂದು ಕರೆಸಿಕೊಳ್ಳಲು ಹಿಂಜರಿಯದ ಕವಿಗಳು ಹೆಚ್ಚು ಮಂದಿ ಇರಲಾರರು.

ಮೊದಲು ಬೇರೊಬ್ಬ ರಾಜನ ಆಶ್ರಯದಲ್ಲಿದ್ದ ಅವನು ಅಲ್ಲಿ ಬೇಸರಪಟ್ಟು ಹೊರಟು, ಬಹಳ ದೂರ ನಡೆದು ಬಂದು ಊರ ಹೊರಗಿನ ತೋಪಿನಲ್ಲಿ ದಣಿದು ಮಲಗಿದ್ದನಂತೆ. ಅಮ್ಮಯ್ಯ, ಇಂದ್ರರಾಯ ಎಂಬ ಇಬ್ಬರು ಅವನನ್ನು ಕಂಡು ಊರೊಳಗೆ ಏಕೆ ಬರಬಾರದೆಂದು ಕೇಳಿದರು. ದುರ್ಜನರ ಗಂಟುಮುಖ ನೋಡುವುದಕ್ಕಿಂತ ಬೆಟ್ಟದ ಗುಹೆಯಲ್ಲಿ ಸೊಪ್ಪುಸದೆ ತಿಂದು ಬದುಕುವುದೇ ಮೇಲು ಎಂಬುದು ಅವನ ಉತ್ತರವಾಗಿತ್ತು. ಅವರಿಬ್ಬರೂ ಪಟ್ಟುಬಿಡದೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ಭರತನ ಮನೆಗೆ ಕರೆದೊಯ್ದರು. ಭರತ ಊಟ ಉಡುಪು ಕೊಟ್ಟು ಉಪಚರಿಸಿದ, ಕೆಲವು ದಿನ ಕಳೆದ ಮೇಲೆ ಮಹಾಪುರಾಣ ಬರೆಯಬೇಕೆಂದು ಬೇಡಿಕೊಂಡ. ಸಿದ್ಧಾರ್ಥ ಸಂವತ್ಸರದಲ್ಲಿ, ಅಂದರೆ 959ರಲ್ಲಿ, ಬರವಣಿಗೆ ಆರಂಭವಾಯಿತು. ಅದೇ ವರ್ಷ ಇದೇ ಸಾಮ್ರಾಜ್ಯದ ನೆರಳಿನಲ್ಲಿ ಸೋಮದೇವ ಸೂರಿಗಳು ಸಂಸ್ಕೃತದಲ್ಲಿ ಯಶಸ್ತಿಲಕ ಮುಗಿಸಿದರು. ಕಾಲವೆಂಬ ಹಾವು ನುಂಗಿದ್ದ ಶಬ್ದಗಳನ್ನು ತಾವು ಮೇಲೆತ್ತಿದೆವೆಂದು ಅವರು ಹೆಮ್ಮೆಪಟ್ಟುಕೊಂಡಿದ್ದಾರೆ. ಪುಷ್ಪದಂತನ ದಾರಿ ಬೇರೆ. ಅವನು ಎತ್ತಿಕೊಂಡದ್ದು ಜನರ ಬಾಯಲ್ಲಿ ಇನ್ನೂ ಓಡಾಡುತ್ತಿದ್ದ ಮಾತುಗಳನ್ನು.

ಆದಿಪುರಾಣದ 37 ಸಂಧಿಗಳು ಮುಗಿದಾಗ ಅವನ ಮನಸ್ಸು ಕುಸಿಯಿತು, ಬರವಣಿಗೆ ನಿಂತಿತು. ಸರಸ್ವತಿ ಕನಸಿನಲ್ಲಿ ಬಂದು ಅರ್ಹಂತರಿಗೆ ನಮಿಸಲು ಹೇಳಿದಳೆಂದೂ, ಭರತ ಮತ್ತೆ ಬಂದು ಒತ್ತಾಯಿಸಿದನೆಂದೂ ಅವನೇ ಬರೆದಿದ್ದಾನೆ. ಮುಂದೆ 65 ಸಂಧಿಗಳ ಉತ್ತರಪುರಾಣ ಸೇರಿ 965ರ ಆಷಾಢ ಶುಕ್ಲ ದಶಮಿಯಂದು ಒಟ್ಟು 102 ಸಂಧಿಗಳು ಪೂರ್ಣಗೊಂಡವು. ಗ್ರಂಥದ ಹೆಸರು ತಿಸಟ್ಠಿಮಹಾಪುರಿಸಗುಣಾಲಂಕಾರ. ಕೇಳಲು ಕಷ್ಟವೆನಿಸಿದರೂ ಬಿಡಿಸಿ ನೋಡಿದರೆ ಎಲ್ಲವೂ ಮನೆಯ ಮಾತು. ತಿಸಟ್ಠಿ ಎಂದರೆ ತ್ರಿಷಷ್ಟಿ, 63 ಶಲಾಕಾಪುರುಷರು. ಭರತನ ಮಗ ನನ್ನನ ಆಶ್ರಯದಲ್ಲಿ ಬಂದ ಇನ್ನೆರಡು ಕಾವ್ಯಗಳ ಹೆಸರೂ ಹೀಗೆಯೇ. ಣಾಯಕುಮಾರಚರಿಉ ಎಂದರೆ ನಾಗಕುಮಾರಚರಿತ. ಜಸಹರಚರಿಉ ಎಂದರೆ ಯಶೋಧರಚರಿತ. ಯಶಸ್ಸು ಜಸವಾದದ್ದು ಕನ್ನಡದಲ್ಲೂ ಉಂಟು. ಯಶೋಧರನ ಈ ಕಥೆಯನ್ನೇ ಜನ್ನ 1209ರಲ್ಲಿ ಕನ್ನಡಕ್ಕೆ ತಂದ.

ಸಂಸ್ಕೃತದಿಂದ ಸವೆದು ಬಂದ ಇಂಥ ತದ್ಭವಗಳ ಜಾಡು ಹಿಡಿಯುವುದು ಸುಲಭ. ಪುಷ್ಪದಂತನಲ್ಲಿ ನಿಜವಾಗಿ ಕೌತುಕ ಹುಟ್ಟಿಸುವುದು ದೇಶ್ಯ ಶಬ್ದಗಳು. ಸಂಸ್ಕೃತದ ಯಾವ ಧಾತುವಿನಿಂದಲೂ ಸಾಧಿಸಲಾಗದ, ನೆಲದ ಮಾತುಗಳು ಇವು. ಅವನ ಕಾವ್ಯದಲ್ಲಿ ಇವು ಹೇರಳ. ಸುಮಾರು ಎರಡು ಶತಮಾನದ ಅನಂತರ ಗುಜರಾತಿನ ಹೇಮಚಂದ್ರಾಚಾರ್ಯರು ಈ ಬಗೆಯ ಶಬ್ದಗಳನ್ನೇ ಆಯ್ದು ದೇಶೀನಾಮಮಾಲಾ ಎಂಬ ಕೋಶ ಕಟ್ಟಿದರು. ಅದರಲ್ಲಿ ಅಕ್ಕಾ ಎಂದರೆ ಸಹೋದರಿ, ಅಪ್ಪ ಎಂದರೆ ತಂದೆ, ಊರ ಎಂದರೆ ಗ್ರಾಮ, ಪುಲ್ಲಿ ಎಂದರೆ ಹುಲಿ. ಜಿಡ್ಡು ಸವರಿದ್ದು ಎಂಬ ಅರ್ಥದಲ್ಲಿ ತುಪ್ಪವೂ ಇದೆ! ಕಲಬುರಗಿಯವರು ಕೆರೆಗೆ ಇಟ್ಟ ಹೆಸರಿನ ಅಪ್ಪನೂ ಗುಜರಾತಿನ ಪ್ರಾಕೃತ ಕೋಶದ ಅಪ್ಪನೂ ಒಂದೇ ಎಂದು ತಿಳಿದಾಗ ಆಗುವ ಖುಷಿಗೆ ಪಾಂಡಿತ್ಯವೇನೂ ಬೇಕಿಲ್ಲ. ಉತ್ತರದ ಕಾವ್ಯಭಾಷೆಯೂ ಕನ್ನಡದ ನೆಲವೂ ಕೂಡಿದ ಊರುಗಳಲ್ಲಿ ಮಾನ್ಯಖೇಟ ಮುಖ್ಯವಾದುದು. ಊರ ಹೆಸರು ಕೂಡ ಅಪಭ್ರಂಶದಲ್ಲಿ ಮಣ್ಣಖೇಡವಾಗಿ, ಇಂದು ಮಳಖೇಡವಾಗಿ ಉಳಿದಿದೆ.

972ರಲ್ಲಿ ಆ ಊರು ಸುಟ್ಟಿತು. ಮೂರನೆಯ ಕೃಷ್ಣ ತೀರಿಕೊಂಡಿದ್ದ, ಖೊಟ್ಟಿಗ ಆಳುತ್ತಿದ್ದ. ಮಾಳವದ ಪರಮಾರ ರಾಜ ಸೀಯಕ ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಗೊಂಡ. ಧಾರೆಯ ಅರಸನ ಕೋಪಾಗ್ನಿಗೆ ಊರು ಬೂದಿಯಾಯಿತು, ಇನ್ನು ತಾನೆಲ್ಲಿ ನೆಲಸಲಿ ಎಂದು ಪುಷ್ಪದಂತ ಮರುಗಿದ ಒಂದು ಸಂಸ್ಕೃತ ಶ್ಲೋಕ ಮಹಾಪುರಾಣದ ಹಸ್ತಪ್ರತಿಗಳಲ್ಲಿ ಸಿಗುತ್ತದೆ. ಜಸಹರಚರಿಉ ಕೊನೆಯಲ್ಲಿ ಅವನು ಭೀಕರ ಬರಗಾಲವನ್ನೂ, ಆ ದಿನಗಳಲ್ಲಿ ನನ್ನ ತನ್ನನ್ನು ಸಾಕಿದ್ದನ್ನೂ ನೆನೆದಿದ್ದಾನೆ. ಆಮೇಲೆ ಕವಿಯ ಸುದ್ದಿಯಿಲ್ಲ.

ವಿಚಿತ್ರವೆಂದರೆ ಅದೇ 972ರಲ್ಲಿ, ಸೂರೆ ಮಾಡಿದವರ ಧಾರಾ ನಗರದಲ್ಲಿ, ಧನಪಾಲನೆಂಬ ಕವಿ ತನ್ನ ತಂಗಿ ಸುಂದರಿಗಾಗಿ ಪಾಇಯಲಚ್ಛೀನಾಮಮಾಲಾ ಎಂಬ ಪುಟ್ಟ ಪ್ರಾಕೃತ ಕೋಶ ಬರೆದ. ಮಾಳವದವರು ಮಣ್ಣಖೇಡವನ್ನು ಸೂರೆಗೊಂಡ ಕಾಲವೆಂದೇ ಅವನು ತನ್ನ ಗ್ರಂಥದ ಕಾಲವನ್ನು ಗುರುತಿಸಿದ್ದಾನೆ. ಒಂದು ಊರು ಉರಿದದ್ದು ಒಂದು ನಿಘಂಟಿನ ತಾರೀಖಾಗಿ ಉಳಿಯಿತು. ಹನ್ನೊಂದನೆಯ ಶತಮಾನದಲ್ಲಿ ಪುಷ್ಪದಂತನ ಮಹಾಪುರಾಣಕ್ಕೆ ಟಿಪ್ಪಣ ಬರೆದು, ಕಠಿಣ ಶಬ್ದಗಳಿಗೆ ಅರ್ಥ ಕೊಟ್ಟ ಪ್ರಭಾಚಂದ್ರ ಪಂಡಿತರು ಕೂಡ ಧಾರೆಯವರೇ. ಊರನ್ನು ಸುಟ್ಟವರ ನಗರದಲ್ಲೇ ಅದರ ಕವಿಯ ಮಾತುಗಳಿಗೆ ಕಾವಲು ಸಿಕ್ಕಿತು.

ಬಹುಕಾಲ ಈ ಕಾವ್ಯಗಳು ಉತ್ತರ ಭಾರತದ ಮತ್ತು ವಿದರ್ಭದ ಶಾಸ್ತ್ರಭಂಡಾರಗಳಲ್ಲೇ ಇದ್ದವು. ಪಿ. ಎಲ್. ವೈದ್ಯರು 1931ರಲ್ಲಿ ಜಸಹರಚರಿಉ, 1937ರಿಂದ 1941ರೊಳಗೆ ಮೂರು ಸಂಪುಟಗಳಲ್ಲಿ ಮಹಾಪುರಾಣ ಸಂಪಾದಿಸಿದರು. ಣಾಯಕುಮಾರಚರಿಉ 1933ರಲ್ಲಿ ಹೀರಾಲಾಲ್ ಜೈನ್ ಅವರಿಂದ ಬಂತು. ಮುಂದೆ ಧವಲಾ ಟೀಕೆಯನ್ನು ಅಚ್ಚಿಗೆ ತಂದವರೂ ಅವರೇ. 1969ರಲ್ಲಿ ರತ್ನಾ ಶ್ರೀಯಾನ್ ಎಂಬ ವಿದುಷಿ ಪುಷ್ಪದಂತನ ದೇಶ್ಯ ಮತ್ತು ಅಪೂರ್ವ ಶಬ್ದಗಳನ್ನೇ ಕುರಿತ ಒಂದು ಇಡೀ ಗ್ರಂಥವನ್ನು ಅಹಮದಾಬಾದಿನಿಂದ ಪ್ರಕಟಿಸಿದರು. ಓದಬಯಸುವವರಿಗೆ ದೇವೇಂದ್ರ ಕುಮಾರ್ ಜೈನ್ ಅವರ ಹಿಂದಿ ಅನುವಾದದೊಡನೆ ಭಾರತೀಯ ಜ್ಞಾನಪೀಠ ಹೊರತಂದ ಮಹಾಪುರಾಣ ಅನುಕೂಲ. ಮಳಖೇಡಕ್ಕೇ ಹೋಗುವವರು ಕೋಟೆಯ ಜೊತೆಗೆ ನೇಮಿನಾಥ ಬಸದಿಯ ದರ್ಶನವನ್ನೂ ಮಾಡಬಹುದು. ಬಸದಿ ಎಂಬ ಮಾತು ವಸತಿಯಿಂದ ಬಂದದ್ದು.