ಕಡಲಿನ ಒಳಹರಿವು

ಲುಯಿಜಿ ಮಾರ್ಸಿಲಿಯು 1658ರಲ್ಲಿ ಇಟಲಿಯ ಬೊಲೋನ್ಯಾ ನಗರದ ಸಿರಿವಂತ ಮನೆತನದಲ್ಲಿ ಜನಿಸಿದನು. 1679ರಲ್ಲಿ ಆತನು ಕಾನ್‌ಸ್ಟಾಂಟಿನೋಪಲ್ ಮಹಾನಗರಕ್ಕೆ ತೆರಳಿದನು. ಇಂದಿನ ಇಸ್ತಾಂಬುಲ್ ಅದೇ. ನಗರದ ಮಗ್ಗುಲಿನ ಬಾಸ್ಫರಸ್ ಜಲಸಂಧಿಯಲ್ಲಿ ಕಪ್ಪು ಸಮುದ್ರದ ನೀರು ದಕ್ಷಿಣಕ್ಕೆ ರಭಸದಿಂದ ಹರಿಯುತ್ತದೆ. ಆದರೆ ಆಳದಲ್ಲಿ ನೀರು ಉತ್ತರಾಭಿಮುಖವಾಗಿ ಹರಿಯುವುದೆಂದು ಅಲ್ಲಿನ ಬೆಸ್ತರು ಹೇಳುತ್ತಿದ್ದರು.

ನಂಬಲು ಕಷ್ಟವಾದ ಈ ಮಾತನ್ನು ತರುಣ ಮಾರ್ಸಿಲಿಯು ತಳ್ಳಿಹಾಕಲಿಲ್ಲ. ಪರೀಕ್ಷಿಸದೆ ಒಪ್ಪಲೂ ಇಲ್ಲ. ಬಿಳಿಯ ಬಣ್ಣ ಬಳಿದ ಬೆಂಡಿನ ತುಂಡುಗಳನ್ನು ಹಗ್ಗದುದ್ದಕ್ಕೂ ಕಟ್ಟಿ, ತುದಿಗೆ ಭಾರವನ್ನು ತೂಗಿಸಿ, ದೋಣಿಯಿಂದ ಇಳಿಬಿಟ್ಟನು. ಮೇಲಿನ ಬೆಂಡುಗಳು ದಕ್ಷಿಣಕ್ಕೆ ಸರಿದವು. ಕೆಳಗಿನವು ಉತ್ತರಕ್ಕೆ ತಿರುಗಿದವು!

ಇದಕ್ಕೆ ಕಾರಣವೇನು? ನೀರನ್ನು ತೂಗಿ ನೋಡಲು, ಮೆಡಿಟರೇನಿಯನ್ ಕಡೆಯ ನೀರು ಹೆಚ್ಚು ಉಪ್ಪಾಗಿ ಭಾರವಾಗಿತ್ತು. ಆತನು ತೊಟ್ಟಿಯೊಂದನ್ನು ಅಡ್ಡಹಲಗೆಯಿಂದ ಇಬ್ಭಾಗಿಸಿ, ಹಲಗೆಯ ಮೇಲೂ ಕೆಳಗೂ ರಂಧ್ರವಿರಿಸಿ, ಒಂದೆಡೆ ಹಗುರವಾದ ನೀರನ್ನೂ ಇನ್ನೊಂದೆಡೆ ಭಾರವಾದ ಉಪ್ಪುನೀರನ್ನೂ ತುಂಬಿದನು. ಭಾರವಾದುದು ಕೆಳಗಿನ ರಂಧ್ರದಿಂದಲೂ ಹಗುರವಾದುದು ಮೇಲಿನದರಿಂದಲೂ ಎದುರುಬದುರಾಗಿ ಹರಿದವು. ಬಾಸ್ಫರಸ್ಸೇ ತೊಟ್ಟಿಯೊಳಗೆ ಬಂದಂತಾಯಿತು. 1681ರಲ್ಲಿ ರೋಮಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಆತನು ಇದೆಲ್ಲವನ್ನೂ ವಿವರಿಸಿದನು. ಬೆಸ್ತರಿಂದ ತಿಳಿದುದನ್ನು ಮರೆಮಾಚಲಿಲ್ಲ.

1683ರ ಯುದ್ಧದಲ್ಲಿ ಸೆರೆಸಿಕ್ಕು ಗುಲಾಮನಾಗಿ ಮಾರಲ್ಪಟ್ಟ ಮಾರ್ಸಿಲಿಯು ಮರುವರ್ಷ ಬಿಡುಗಡೆ ಹೊಂದಿದನು. ಆದರೂ ಕಡಲಿನ ಹಂಬಲ ಆತನನ್ನು ಬಿಡಲಿಲ್ಲ. 1725ರಲ್ಲಿ ಸಮುದ್ರವನ್ನೇ ಕುರಿತ ಆತನ ಹಿರಿಯ ಗ್ರಂಥ ಹೊರಬಂದಿತು. ಐದು ವರ್ಷಗಳ ಬಳಿಕ ಆತನು ಬೊಲೋನ್ಯಾದಲ್ಲಿಯೇ ತೀರಿಕೊಂಡನು.